ಅಂಕೋಲೆಯ ಅಂಗಳಗಳಲ್ಲಿ ಸುಗ್ಗಿ

ಹುಬ್ಬಳ್ಳಿಯಿಂದ ಹೊರಟ ಬಸ್ಸು ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿಯುತ್ತಿದ್ದಂತೆ ಸೆಖೆ ಶುರುವಾಯಿತು. ಹೋಳಿ ಹುಣ್ಣಿಮೆ ಹತ್ತಿರದಲ್ಲಿತ್ತು. ಗದ್ದೆ ಕೊಯ್ಲು ಮುಗಿದು ಭತ್ತ ಮನೆ ಸೇರಿಯಾಗಿತ್ತು. ಉತ್ತರ ಕನ್ನಡ ಕರಾವಳಿಯ ಅಂಕೋಲೆಯ ಸುತ್ತ ಹಾಲಕ್ಕಿ ಒಕ್ಕಲಿಗ ಸಮುದಾಯದವರ ಕೊಪ್ಪಗಳಲ್ಲಿ, ಅಂದರೆ ಪುಟ್ಟ ಕೇರಿಗಳಲ್ಲಿ, ಗುಮಟೆ ಎಂಬ ಮಣ್ಣಿನ ವಾದ್ಯದ ಸದ್ದು ಏಳುವುದು ಈ ಹೊತ್ತಿನಲ್ಲೇ.

ಕೊಯ್ಲು ಮುಗಿದ ಮೇಲೆ ಹಾಲಕ್ಕಿಗಳು ಕುಣಿಯುವ ಸುಗ್ಗಿ ಕುಣಿತವನ್ನು ಮೊದಲು ಒಂದು ಉತ್ಸವದ ವೇದಿಕೆಯಲ್ಲಿ ನೋಡಿದ್ದೆ. ಚೆಂದವಾಗಿಯೇ ಇತ್ತು. ಆದರೆ ವೇದಿಕೆಗೆ ಅಂಗಳ ಇಲ್ಲ, ಮನೆಯವರು ಇಲ್ಲ. ಈ ಕುಣಿತ ಇರುವುದೇ ಮನೆ ಮನೆಗೆ ಹೋಗಲಿಕ್ಕೆ, ಅಲ್ವಾ?

ಬೆಳಗಿನ ಹೊತ್ತು ಒಂದು ಕೊಪ್ಪಕ್ಕೆ ಹೋದಾಗ ಗಂಡಸರು ತುರಾಯಿ ಕಟ್ಟಿಕೊಳ್ಳುತ್ತಿದ್ದರು. ತುರಾಯಿ ಅಂದರೆ ತಲೆಯ ಮೇಲಿನ ಎತ್ತರದ ಅಲಂಕಾರ. ಬೆಂಡಿನಲ್ಲಿ ಕೆತ್ತಿದ ಹೂಗಳು, ಬಣ್ಣದ ಕಾಗದ, ಮಿಂಚುವ ಬೇಗಡೆ, ನಡುನಡುವೆ ಪುಟ್ಟ ಹಕ್ಕಿಗಳು. ಒಬ್ಬ ಹಿಡಿದುಕೊಳ್ಳಬೇಕು, ಇನ್ನೊಬ್ಬ ಬಟ್ಟೆಯಿಂದ ಬಿಗಿಯಬೇಕು. ನೋಡುತ್ತ ನಿಂತ ನನ್ನನ್ನು ಅಜ್ಜಿಯೊಬ್ಬರು ಕರೆದರು: "ತಮಾ, ಬಿಸ್ಲಲ್ಲಿ ನಿಂತ್ಕಬೇಡ, ಒಳಗ್ ಬಾ." ಕೊರಳ ತುಂಬ ಮಣಿಸರ, ಹಾಲಕ್ಕಿ ಹೆಂಗಸರು ಉಡುವ ರೀತಿಯಲ್ಲಿ ಉಟ್ಟ ಸೀರೆ. ಕುಡಿಯಲು ನೀರು, ಬೆಲ್ಲ ಕೊಟ್ಟರು.

ಮೇಳ ಅಂಗಳಕ್ಕೆ ಬಂದಾಗ ಮನೆಯವರು ದೀಪ ಹಚ್ಚಿ ಅಕ್ಕಿ, ತೆಂಗಿನಕಾಯಿ ಇಟ್ಟಿದ್ದರು. ಕುಣಿಯುವವರು ಸುತ್ತಾಗಿ ನಿಂತರು. ಒಂದು ಕೈಯಲ್ಲಿ ನವಿಲುಗರಿಯ ಕುಂಚ, ಇನ್ನೊಂದರಲ್ಲಿ ಕೋಲು. ಗುಮಟೆ, ಜಾಗಟೆ, ತಾಳ. ಹೆಜ್ಜೆ ಮೊದಲು ನಿಧಾನ. ಒಬ್ಬರು ಪದ ಎತ್ತುತ್ತಾರೆ, ಉಳಿದವರು ಸೇರುತ್ತಾರೆ. ಆಮೇಲೆ ಸುತ್ತು ಬಿಗಿಯಾಗುತ್ತದೆ, ಬಗ್ಗಿ ಏಳುವ ಹೆಜ್ಜೆಗೆ ವೇಗ ಬರುತ್ತದೆ. ತುರಾಯಿಗಳೆಲ್ಲ ಒಟ್ಟಿಗೆ ಓಲಾಡುತ್ತವೆ. ತಲೆಯ ಮೇಲೆ ಅಷ್ಟು ಭಾರ ಹೊತ್ತೂ ಕುತ್ತಿಗೆ ನೆಟ್ಟಗೆ ಇರುವುದನ್ನು ನೋಡುತ್ತಿದ್ದರೆ ಎದೆ ತುಂಬಿ ಬರುತ್ತದೆ. ವರ್ಷವಿಡೀ ಗದ್ದೆಯಲ್ಲಿ ಬಗ್ಗಿ ದುಡಿಯುವ ಮೈಗಳು ಇವು.

ಗುಮಟೆಯ ಬಗ್ಗೆ ಸ್ವಲ್ಪ ಹೇಳಬೇಕು. ಎರಡೂ ಕಡೆ ಬಾಯಿರುವ ಮಣ್ಣಿನ ಗಡಿಗೆ ಅದು. ಒಂದು ಬಾಯಿಗೆ ಚರ್ಮ ಬಿಗಿಯುತ್ತಾರೆ. ಇನ್ನೊಂದು ಬಾಯಿಯನ್ನು ಅಂಗೈಯಿಂದ ಮುಚ್ಚಿ ತೆರೆದು ನಾದ ಏರಿಳಿಸುತ್ತಾರೆ. ಹಿಂದೆ ಉಡದ ಚರ್ಮ ಬಳಸುತ್ತಿದ್ದರು. ಉಡ ಈಗ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿದೆ. ಪಕ್ಕದ ಗೋವಾದಲ್ಲಿ ಇದೇ ವಾದ್ಯವನ್ನು ಘುಮಟ್ ಅನ್ನುತ್ತಾರೆ. ಆಡಿನ ಚರ್ಮ ಬಳಸಿ ಅಲ್ಲಿ ಅದನ್ನು ಉಳಿಸಿಕೊಂಡಿದ್ದಾರೆ, 2019ರಲ್ಲಿ ರಾಜ್ಯದ ಪರಂಪರೆಯ ವಾದ್ಯ ಎಂದೂ ಘೋಷಿಸಿದ್ದಾರೆ. ನಮ್ಮ ಕಡೆಯೂ ಗುಮಟೆಗೆ ಅಂಥ ಮರ್ಯಾದೆ ಸಿಗಬೇಕು.

ಹೋಳಿಯ ಹೊತ್ತಿಗೆ ಹಗರಣವೂ ಇರುತ್ತದೆ. ವೇಷ ಕಟ್ಟಿ, ಆ ವರ್ಷದ ಸುದ್ದಿಗಳನ್ನೆಲ್ಲ ಅಣಕಿಸುತ್ತ ಬೀದಿಯಲ್ಲಿ ಸಾಗುವ ಮೆರವಣಿಗೆ. ದೊಡ್ಡವರು, ಅಧಿಕಾರಿಗಳು ಯಾರನ್ನೂ ಬಿಡುವುದಿಲ್ಲ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

ಸುಗ್ಗಿಯಲ್ಲಿ ಕುಣಿಯುವವರು ಗಂಡಸರು. ಹೆಂಗಸರದ್ದು ತಾರ್ಲೆ ಕುಣಿತ, ಜೊತೆಗೆ ಹಾಡುಗಳ ದೊಡ್ಡ ಭಂಡಾರ. ಆ ಹಾಡುಗಳನ್ನು ಹೊರಗಿನ ಜನಕ್ಕೆ ಕೇಳಿಸಿದವರು ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡ. ಸಾರಾಯಿ ವಿರುದ್ಧ ಹೋರಾಡಿದವರೂ ಅವರೇ. 2017ರಲ್ಲಿ ಪದ್ಮಶ್ರೀ ಬಂತು, 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ನನಗೆ ನೀರು ಕೊಟ್ಟ ಅಜ್ಜಿಗೆ ಸುಕ್ರಜ್ಜಿಯ ಹೆಸರು ಹೇಳಿದ್ದೇ ತಡ, ಅವರು ಒಂದು ಪದ ಹೇಳತೊಡಗಿದರು. ಮೊಮ್ಮಗಳು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಳು. ಅದು ನನಗೆ ಬಹಳ ಖುಷಿ ಕೊಟ್ಟಿತು.

ನೀವು ಹೋಗುವುದಾದರೆ ಹುಣ್ಣಿಮೆಗೆ ಮುಂಚೆಯೇ ಅಂಕೋಲೆ ತಲುಪಿ. ಮೇಳ ಎಲ್ಲಿದೆ ಎಂದು ಪೇಟೆಯಲ್ಲೇ ಕೇಳಿ, ಹೇಳುತ್ತಾರೆ. ಫೋಟೊ ತೆಗೆಯುವ ಮುಂಚೆ ಮನೆಯವರ ಒಪ್ಪಿಗೆ ಪಡೆಯಿರಿ, ಸುತ್ತಿನ ಒಳಗೆ ನುಗ್ಗಬೇಡಿ. ಆಗ ಆಗದಿದ್ದರೆ ವೈಶಾಖ ಹುಣ್ಣಿಮೆಯ ಹೊತ್ತಿಗೆ ಅಂಕೋಲೆಯಲ್ಲೇ ಬಂಡಿ ಹಬ್ಬ ಇದೆ. ಈ ಸಲ ನಾನೂ ಅದಕ್ಕೆ ಹೋಗುತ್ತಿದ್ದೇನೆ.