ರಾಣಿಯ ಚಿತ್ರದ ಮೇಲೆ ಹೊಸ ಹೆಸರು

ಇವತ್ತು ಕಪಾಟು ಒರೆಸುವಾಗ ಮಾವನ ಹಳೇ ಸ್ಟಾಂಪ್ ಆಲ್ಬಮ್ ಸಿಕ್ಕಿತು. ಸುಮ್ನೆ ತೆರೆದೆ. ಕೆಲಸ ಅಲ್ಲೇ ನಿಂತಿತು.

ಒಂದು ಸ್ಟಾಂಪು. ಚಿತ್ರದಲ್ಲಿ ಊರಿನ ನಗಾರಿಗಳು, ಜೊತೆಗೆ ಎಲಿಜಬೆತ್ ರಾಣಿಯ ಮುಖ. ಹೆಸರು ಗೋಲ್ಡ್ ಕೋಸ್ಟ್, ಪಶ್ಚಿಮ ಆಫ್ರಿಕಾದಲ್ಲಿದ್ದ ಬ್ರಿಟಿಷ್ ವಸಾಹತು. ಅದರ ಮೇಲೆಯೇ ಇನ್ನೊಂದು ಸಲ ಅಚ್ಚು ಒತ್ತಿದ್ದಾರೆ: ಘಾನಾ, ಸ್ವಾತಂತ್ರ್ಯ, 1957 ಮಾರ್ಚ್ 6.

ಹಳೇ ಹೆಸರನ್ನು ಅಳಿಸಿಲ್ಲ. ಎರಡೂ ಓದಬಹುದು. ಬೆರಳ ತುದಿಯಷ್ಟು ಕಾಗದ. ಅದರಲ್ಲೇ ಒಂದು ದೇಶ ಕೈ ಬದಲಾಯಿಸಿದೆ.

ಅದೇ ದಿನ ಹೊಸ ಸ್ಟಾಂಪುಗಳೂ ಬಂದವು. ಅವುಗಳಲ್ಲಿ ರಾಣಿ ಇಲ್ಲ, ಘಾನಾದ ಮೊದಲ ಪ್ರಧಾನಿ ಕ್ವಾಮೆ ಎನ್‌ಕ್ರುಮಾ ಇದ್ದಾರೆ. ಪಕ್ಕದಲ್ಲಿ ಆಫ್ರಿಕಾದ ನಕ್ಷೆ. ಬರೀ ಘಾನಾ ಅಲ್ಲ, ಇಡೀ ಖಂಡ! ಆ ಮನುಷ್ಯನ ಕನಸು ಅಷ್ಟು ದೊಡ್ಡದಿತ್ತು. ನನಗೆ ತುಂಬಾ ಇಷ್ಟವಾಗಿದ್ದು ಅದೇ.

ಒಂಬತ್ತೇ ವರ್ಷ. 1966ರ ಫೆಬ್ರವರಿ 24ರಂದು, ಅವರು ವಿದೇಶದಲ್ಲಿದ್ದಾಗ, ಸೈನ್ಯ ಮತ್ತು ಪೊಲೀಸರು ಸೇರಿ ಅಧಿಕಾರ ಕಿತ್ತುಕೊಂಡರು. ಮತ್ತೆ ತಾಯ್ನಾಡಿಗೆ ಜೀವಂತ ಮರಳಲೇ ಇಲ್ಲ. 1972ರಲ್ಲಿ ದೂರದ ರೊಮೇನಿಯಾದ ಬುಕಾರೆಸ್ಟ್‌ನಲ್ಲಿ ತೀರಿಕೊಂಡರು. ಓದುವಾಗ ಸಂಕಟ ಆಗುತ್ತೆ ಅಲ್ವಾ?

ಮತ್ತೆ ಆ ನಗಾರಿ ಸ್ಟಾಂಪು ನೋಡಿದೆ. ಅಂಚಿನ ಎರಡು ಹಲ್ಲು ಹರಿದಿವೆ. ಯಾರೋ ಲಕೋಟೆಯಿಂದ ಅವಸರದಲ್ಲಿ ಬಿಡಿಸಿರಬೇಕು.