ಆಟಿಯ ಮಳೆಯಲ್ಲಿ ನಾಲ್ಕು ಮಹೀಂದ್ರಾಗಳು

ಜುಲೈ ತಿಂಗಳ ಕೊನೆಯ ಭಾನುವಾರ ಹಳೆಯ ಗಾಡಿಗಳನ್ನು ನೋಡಲು ಹೊರಟು ನಿಂತಾಗ ಅಮ್ಮ ಜಗಲಿಯಲ್ಲಿ ಕುಳಿತೇ ಕೇಳಿದರು: "ಆಟಿಯಲ್ಲಿ ಯಾರಾದರೂ ಗಾಡಿ ತೆಗೆದುಕೊಳ್ಳುತ್ತಾರಾ?" ತುಳುನಾಡಿನಲ್ಲಿ ಆಟಿ ಹೊಸದೇನನ್ನೂ ಮನೆಗೆ ತರದ ಮಳೆಗಾಲದ ತಿಂಗಳು. ನೋಡುವುದಕ್ಕೆ ಆಟಿಯ ಅಡ್ಡಿಯಿಲ್ಲ, ಮನೆಗೆ ತರುವುದು ಆಟಿ ಮುಗಿದು ಮುಂದಿನ ತಿಂಗಳಾದ ಸೋಣದ ಸಂಕ್ರಮಣ ಕಳೆದ ಮೇಲೆಯೇ ಎಂದು ಸಮಾಧಾನ ಹೇಳಿ ಹೊರಟೆ. ನನ್ನ ಲೆಕ್ಕ ಬೇರೆಯಿತ್ತು. ಕೊಳ್ಳುವವರಿಲ್ಲದ ತಿಂಗಳಲ್ಲಿ ಮಾರುವವರು ಬೆಲೆಯಲ್ಲಿ ತುಸು ಇಳಿಯುತ್ತಾರೆ. ಅದಕ್ಕಿಂತ ಮುಖ್ಯವಾಗಿ, ಏಪ್ರಿಲ್ ಬಿಸಿಲಿನಲ್ಲಿ ಅಡಗಿ ಕುಳಿತಿರುವ ಸೋರಿಕೆ, ಮುಗ್ಗಲು ವಾಸನೆ, ಚಕ್ರದ ಜಾರಿಕೆ ಇವೆಲ್ಲ ಸುರಿಯುವ ಮಳೆಯಲ್ಲಿ ತಾವಾಗಿಯೇ ಹೊರಗೆ ಬರುತ್ತವೆ.

ನಮ್ಮ ಮನೆ ಹಿರಿಯಡ್ಕದಿಂದ ಒಳಗೆ. ಡಾಂಬರು ಮುಗಿದ ಮೇಲೆ ಮುನ್ನೂರು ಮೀಟರಿನಷ್ಟು ಮಣ್ಣಿನ ಏರು, ಅಲ್ಲಲ್ಲಿ ಪಾಚಿಗಟ್ಟಿದ ಮುರಕಲ್ಲು. ಹದಿನಾಲ್ಕು ವರ್ಷ ದುಡಿದ ನಮ್ಮ ಸಣ್ಣ ಕಾರು ಆ ಏರಿನಲ್ಲಿ ಎರಡು ಮಳೆಗಾಲದಿಂದ ಕೈಕೊಡುತ್ತಿತ್ತು. ಅಡಿಕೆ ಮೂಟೆ, ತೆಂಗಿನಕಾಯಿ, ತಿಂಗಳಿಗೊಮ್ಮೆ ಮಣಿಪಾಲದ ಆಸ್ಪತ್ರೆಗೆ ಹೋಗಬೇಕಾದ ಅಮ್ಮ, ಈ ಮೂರಕ್ಕೂ ಒದಗುವ ಗಾಡಿ ಬೇಕಿತ್ತು. ಮಹೀಂದ್ರಾದ್ದೇ ಆಗಬೇಕೆಂಬುದರಲ್ಲಿ ಮನೆಯಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ. 1947ರಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸುವುದರಿಂದ ವಾಹನದ ಕೆಲಸಕ್ಕೆ ಕೈಹಾಕಿದ ಕಂಪನಿ ಅದು, ಮತ್ತು ನಮ್ಮ ಕಡೆಯ ಹಿರಿಯರು ಬೊಲೆರೊವನ್ನು ಇಂದಿಗೂ ಜೀಪು ಎಂದೇ ಕರೆಯುತ್ತಾರೆ. ಯಾವ ಮಹೀಂದ್ರಾ ಎಂಬಲ್ಲಿ ಮಾತ್ರ ಜಗಳ. ಭಾವನಿಗೆ ಸ್ಕಾರ್ಪಿಯೊ ಬೇಕು. ನನಗೆ ಒಳಗೊಳಗೇ ಎಕ್ಸ್‌ಯುವಿ 500ರ ಆಸೆ. ತೋಟದ ಲೆಕ್ಕದ ಪುಸ್ತಕವನ್ನು ಕೇಳಿದರೆ ಪಿಕಪ್ ಎನ್ನುತ್ತಿತ್ತು. ಬೊಲೆರೊ ಯಾರ ಆಸೆಯೂ ಆಗಿರಲಿಲ್ಲ. ಆರು ಲಕ್ಷ ದಾಟಬಾರದೆಂಬುದೊಂದೇ ಎಲ್ಲರೂ ಒಪ್ಪಿದ ಮಾತು.

ಪಿಕಪ್ಪಿನ ವಿಚಾರ ಮಲ್ಪೆಯಲ್ಲಿ ಹತ್ತು ನಿಮಿಷದಲ್ಲಿ ಮುಗಿಯಿತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಮೀನು ಸಾಗಿಸುವ ಗಾಡಿಗಳು ಸಾಲಾಗಿ ನಿಂತಿದ್ದವು, ಅವುಗಳಲ್ಲಿ 2018ರ ಒಂದು ಬೊಲೆರೊ ಪಿಕಪ್ ಮಾರಾಟಕ್ಕಿತ್ತು. ಜೊತೆಗೆ ಬಂದಿದ್ದ ನಮ್ಮೂರಿನ ಮೆಕ್ಯಾನಿಕ್ ಟಾರ್ಚು ಹಿಡಿದು ಕೆಳಗೆ ನುಸುಳಿದರು. ಐಸು ಕರಗಿದ ಉಪ್ಪುನೀರು ಲೋಡಿನ ಡಬ್ಬಿಗೂ ಚಾಸಿಸ್‌ಗೂ ನಡುವಿನ ಸಂದಿನಲ್ಲಿ ವರ್ಷಗಟ್ಟಲೆ ಇಳಿದಿತ್ತು. ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಠಣ್ ಎನ್ನಬೇಕಾದ ಕಬ್ಬಿಣ ಠಪ್ ಎಂದಿತು. ಅಲ್ಲದೆ ಅದು ಹಳದಿ ಬೋರ್ಡಿನ, ಅಂದರೆ ಬಾಡಿಗೆ ಓಡಿಸುವ ಗಾಡಿ. ಎಂಟು ವರ್ಷವಾಗುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ಎಫ್‌ಸಿ, ಅಂದರೆ ಗಾಡಿ ಓಡಲು ಯೋಗ್ಯವೆಂಬ ಪ್ರಮಾಣಪತ್ರ, ಮಾಡಿಸಬೇಕು. ಶಾಲೆಗೆ ರಜೆ ಹಾಕಿ ಎಫ್‌ಸಿಗೆ ಅಲೆಯುವುದು ನನ್ನಿಂದಾಗದ ಕೆಲಸ.

ಮಂಗಳೂರಿನಲ್ಲಿ ಹೊತ್ತು ಹೋಯಿತು. ಕೂಳೂರಿನ ಕಡೆ ಹೆದ್ದಾರಿ ಬದಿಯ ಹಳೆ ಗಾಡಿಗಳ ಅಂಗಳವೊಂದರಲ್ಲಿ 2015ರ ಸ್ಕಾರ್ಪಿಯೊ ಮತ್ತು 2014ರ ಎಕ್ಸ್‌ಯುವಿ 500 ಪಕ್ಕಪಕ್ಕದಲ್ಲೇ ನಿಂತಿದ್ದವು. ಮೊದಲು ಕಣ್ಣಿಗೆ ಬಿದ್ದದ್ದು ಬೆಲೆಯ ವಿಚಿತ್ರ. ಹೊಸದಿದ್ದಾಗ ಇವೆರಡರಲ್ಲಿ ದುಬಾರಿಯಾಗಿದ್ದ ಎಕ್ಸ್‌ಯುವಿಗೆ ಈಗ 5.40 ಲಕ್ಷ, ಸ್ಕಾರ್ಪಿಯೊಗೆ 6.75 ಲಕ್ಷ. ಒಂದು ವರ್ಷದ ಅಂತರ ಇಷ್ಟು ವ್ಯತ್ಯಾಸವನ್ನು ವಿವರಿಸುವುದಿಲ್ಲ. ಎರಡರ ಬಾನೆಟ್ಟಿನಡಿಯಲ್ಲೂ ಇರುವುದು 2,179 ಸಿಸಿಯ ಎಂಹಾಕ್ ಡೀಸೆಲ್ ಇಂಜಿನ್ನೇ. ಆದರೆ ಸ್ಕಾರ್ಪಿಯೊದಲ್ಲಿ ಅದು ಉದ್ದಕ್ಕೆ ಕುಳಿತು ಹಿಂದಿನ ಚಕ್ರಗಳನ್ನು ತಿರುಗಿಸುತ್ತದೆ, ಎಕ್ಸ್‌ಯುವಿಯಲ್ಲಿ ಅಡ್ಡಕ್ಕೆ ಕುಳಿತು ಮುಂದಿನ ಚಕ್ರಗಳನ್ನು ಎಳೆಯುತ್ತದೆ. ಸ್ಕಾರ್ಪಿಯೊದ ಮೈ ಏಣಿಯಂಥ ಚಾಸಿಸ್ಸಿನ ಮೇಲೆ ಕೂತಿದೆ. ಎಕ್ಸ್‌ಯುವಿಗೆ ಬೇರೆ ಚಾಸಿಸ್ ಇಲ್ಲ, ಮೈಯೇ ಭಾರ ಹೊರುತ್ತದೆ. ಹೆದ್ದಾರಿಯಲ್ಲಿ ಅದು ತೇಲಿದಂತೆ ಹೋಗುವುದಕ್ಕೆ ಇದೂ ಒಂದು ಕಾರಣ.

ಕಡಲಿನ ಪಕ್ಕದ ಊರಿನಲ್ಲಿ ಈ ವ್ಯತ್ಯಾಸಕ್ಕೆ ಇನ್ನೊಂದು ಅರ್ಥವಿದೆ ಎಂಬುದು ಅಂದಿನವರೆಗೆ ನನಗೆ ಹೊಳೆದಿರಲಿಲ್ಲ. ಆ ಎಕ್ಸ್‌ಯುವಿ ಬಹಳ ಕಾಲ ಎಲ್ಲೋ ನಿಂತೇ ಇತ್ತು. ಇಲಿ ಕಡಿದ ವೈರುಗಳಿಗೆ ಯಾರೋ ಟೇಪು ಸುತ್ತಿದ್ದರು, ಸೀಟ್ ಬೆಲ್ಟನ್ನು ಪೂರ್ತಿ ಎಳೆದರೆ ಕೊನೆಯ ಒಂದು ಅಡಿಯಲ್ಲಿ ಕೆಸರಿನ ಗೆರೆ ಒಣಗಿತ್ತು. ನೀರು ಎಲ್ಲಿಯವರೆಗೆ ಏರಿತ್ತು ಎಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಕಿಲ್ಲ. ಅಂಗಳದ ಹುಡುಗ "ಸ್ಕ್ರೀನ್ ನೋಡಿ ಸಾರ್, ಎಸಿ ನೋಡಿ ಸಾರ್" ಎನ್ನುತ್ತಲೇ ಇದ್ದ. ಮೆಕ್ಯಾನಿಕ್ ಬಾಗಿಲಿನ ಕೆಳಗಿನ ಪಟ್ಟಿಯ ರಬ್ಬರ್ ಸರಿಸಿ, ಒಳಗೆ ಹಬ್ಬಿದ್ದ ತುಕ್ಕನ್ನು ಉಗುರಿನಿಂದ ಕೆರೆದು ತೋರಿಸಿದರು. "ಚಾಸಿಸ್ ಇರುವ ಗಾಡಿಗೆ ಬಾಡಿಯಲ್ಲಿ ತುಕ್ಕು ಬಂದರೆ ಕೊಯ್ದು ತಗಡು ಬೆಸೆಯಬಹುದು ಮಾಷ್ಟ್ರೇ. ಇದಕ್ಕೆ ಬಾಡಿಯೇ ಚಾಸಿಸ್. ಕೊಯ್ಯಲು ಶುರು ಮಾಡಿದರೆ ಎಲ್ಲಿ ನಿಲ್ಲಿಸುವುದು?"

ಆದರೂ ಮನಸ್ಸು ಕೇಳಲಿಲ್ಲ; ಓಡಿಸಿಯೇ ನೋಡೋಣ ಎಂದೆ. ಮೇರಿಹಿಲ್ ಕಡೆಯ ಪದವಿನ ಪಕ್ಕದಲ್ಲಿ ಒಂದು ಮಣ್ಣಿನ ಏರು ಸಿಕ್ಕಿತು, ನಮ್ಮ ಮನೆಯ ದಾರಿಯ ತಮ್ಮನಂತಿತ್ತು. ಗಾಡಿ ಏರುವಾಗ ಭಾರ ಹಿಂದಕ್ಕೆ ವಾಲುವುದರಿಂದ ಮುಂದಿನ ಚಕ್ರಗಳ ಹಿಡಿತ ಸಡಿಲವಾಗುತ್ತದೆ. ನಾಲ್ಕು ಜನ ಕುಳಿತ ಎಕ್ಸ್‌ಯುವಿ ಅರ್ಧದಲ್ಲಿ ನಿಂತು ಮುಂದಿನ ಚಕ್ರಗಳಿಂದ ಕೆಸರು ಎರಚಿತು. ಸ್ಕಾರ್ಪಿಯೊ ಬಾಲ ಸ್ವಲ್ಪ ಅಲ್ಲಾಡಿಸಿ ಅದೇ ಏರನ್ನು ಹತ್ತಿತು. ಭಾವ ಗೆದ್ದವರಂತೆ ನನ್ನ ಕಡೆ ನೋಡಿದರು.

ಅವರ ಸಂತೋಷ ಹೆಚ್ಚು ಹೊತ್ತು ಉಳಿಯಲಿಲ್ಲ. ಮೀಟರಿನಲ್ಲಿ 78,000 ಕಿಲೋಮೀಟರ್ ಇತ್ತು, ಬ್ರೇಕ್ ಪೆಡಲಿನ ರಬ್ಬರ್ ಮಾತ್ರ ಅದರ ಎರಡು ಪಟ್ಟು ಓಡಿದಂತೆ ನುಣುಪಾಗಿತ್ತು. ಗಾಡಿಯ ದಾಖಲೆ ತೋರಿಸುವ ಸರ್ಕಾರಿ ಆ್ಯಪ್ ಎಂಪರಿವಾಹನ್‌ನಲ್ಲಿ ನೋಡಿದರೆ ಮೂರನೆಯ ಮಾಲೀಕರು, ಮೇಲೆ ಸಾಲವೂ ತೀರಿಲ್ಲ. "ಬ್ಯಾಂಕಿನ ಎನ್‌ಒಸಿ ಒಂದು ವಾರದಲ್ಲಿ ಬರುತ್ತದೆ ಸಾರ್, ಅಡ್ವಾನ್ಸ್ ಕೊಟ್ಟು ಹೋಗಿ" ಎಂದ ಹುಡುಗ. ಸಾಲ ತೀರಿತೆಂದು ಬ್ಯಾಂಕು ಕೊಡುವ ಆ ಪತ್ರ ಬಂದ ಮೇಲೆ ನಾವೂ ಬರುತ್ತೇವೆ ಎಂದೆ. ಭಾವನ ಮುಖ ಆಟಿಯ ಆಕಾಶದಂತಾಯಿತು.

ವಾಪಸು ಬರುವಾಗ, ಹೇಗೂ ದಿನ ಹಾಳಾಯಿತು ಎಂದುಕೊಂಡು, ಮೆಕ್ಯಾನಿಕ್ ಹೇಳಿದ್ದ ಬೊಲೆರೊ ನೋಡಲು ಬ್ರಹ್ಮಾವರಕ್ಕೆ ಹೋದೆವು. ಬ್ಯಾಂಕಿನಿಂದ ನಿವೃತ್ತರಾದ ಹಿರಿಯರದು. 2016ರ ಆರಂಭದ ಗಾಡಿ, ಅಂದರೆ ನಾಲ್ಕು ಮೀಟರಿನೊಳಗಿನ ತೆರಿಗೆಯ ಅನುಕೂಲಕ್ಕಾಗಿ ಉದ್ದ ತಗ್ಗಿಸಿ ಒಂದೂವರೆ ಲೀಟರಿನ ಮೂರು ಸಿಲಿಂಡರ್ ಇಂಜಿನ್ ಕೂರಿಸಿದ ಪವರ್ ಪ್ಲಸ್ ಬರುವುದಕ್ಕೆ ಮುಂಚಿನದು. ಇದರಲ್ಲಿರುವುದು 2,523 ಸಿಸಿಯ ಹಳೆಯ ಇಂಜಿನ್, 63 ಅಶ್ವಶಕ್ತಿ. ಓಟಕ್ಕಲ್ಲ, ಎಳೆತಕ್ಕೆ. ನಾವು ಬರುತ್ತೇವೆಂದು ತಿಳಿದು ಅವರು ಬೆಳಗ್ಗೆಯಿಂದ ಇಂಜಿನ್ ಚಾಲೂ ಮಾಡಿರಲಿಲ್ಲ. ಬಾನೆಟ್ ಮುಟ್ಟಿದರೆ ತಣ್ಣಗಿತ್ತು. ತಣ್ಣನೆಯ ಡೀಸೆಲ್ ಇಂಜಿನ್ ಸುಳ್ಳು ಹೇಳುವುದು ಕಡಿಮೆ. ಒಂದೇ ತಿರುಗಿಗೆ ಎದ್ದಿತು. ಆಯಿಲ್ ಮುಚ್ಚಳ ತೆಗೆದು ಬ್ಯಾಕ್ ಕಂಪ್ರೆಷನ್, ಅಂದರೆ ಸವೆದ ಇಂಜಿನ್ನಿನಿಂದ ಹೊಗೆ ಹಿಂದಕ್ಕೆ ಉಗುಳುತ್ತದೆಯೇ ಎಂದು, ನೋಡಿದ ಮೆಕ್ಯಾನಿಕ್ ಏನೂ ಹೇಳದೆ ಮುಚ್ಚಿದರು. ಅವರು ಮಾತಾಡದಿದ್ದರೆ ಒಳ್ಳೆಯದೆಂದೇ ಅರ್ಥ.

ಡ್ರೈವರ್ ಕಾಲಡಿಯ ಮ್ಯಾಟನ್ನು ಎತ್ತಿದ್ದು ಮಾಲೀಕರೇ. "ಇಲ್ಲಿ ತೂತಾಗಿತ್ತು, ಎರಡು ವರ್ಷದ ಹಿಂದೆ ತಗಡು ಬೆಸೆಸಿದ್ದೇನೆ. ಆಮೇಲೆ ನೀವು ಹೇಳಬಾರದಲ್ಲ" ಎಂದರು. ಬೆಸುಗೆ ಚಂದವಿರಲಿಲ್ಲ, ಗಟ್ಟಿಯಿತ್ತು. ಚಾಸಿಸ್ಸಿನ ಮೇಲೆ ಸುತ್ತಿಗೆ ಉದ್ದಕ್ಕೂ ಠಣ್ ಎಂದಿತು. ನಮ್ಮ ಏರಿನ ವಿಷಯ ಕೇಳಿ, "ಹಾಗಾದರೆ ಅಲ್ಲಿಗೇ ಹೋಗೋಣ ಮಾರಾಯ್ರೆ" ಎಂದು ಅವರೇ ಚಾಲಕರ ಸೀಟಿನಲ್ಲಿ ಕುಳಿತರು. ಅವರು ಓಡಿಸಿಕೊಂಡು ಬಂದದ್ದರಿಂದ ಅದು ನೆಂಟರ ಗಾಡಿಯೆನಿಸಿ ಅಮ್ಮನ ಆಟಿಗೂ ಭಂಗ ಬರಲಿಲ್ಲ. ಖಾಲಿ ಬೊಲೆರೊ ಪಾಚಿಯ ಮೇಲೆ ಒಮ್ಮೆ ಜಾರಿತು. ಭಾವನೂ ಮೆಕ್ಯಾನಿಕ್ಕೂ ಹಿಂದಿನ ಅಡ್ಡ ಸೀಟುಗಳಲ್ಲಿ ಕುಳಿತ ಮೇಲೆ ಎರಡನೆಯ ಗೇರಿನಲ್ಲೇ ಅಂಗಳ ತಲುಪಿತು.

5.25 ಲಕ್ಷ ಎಂದಿದ್ದವರು ಕಾಫಿ ಮುಗಿಯುವಷ್ಟರಲ್ಲಿ 4.90ಕ್ಕೆ ಬಂದರು. ಆರ್‌ಸಿ 2031ರವರೆಗಿದೆ, ಸಾಲವಿಲ್ಲ, ಒಬ್ಬರೇ ಮಾಲೀಕರು. ಹತ್ತು ಸಾವಿರ ಮುಂಗಡ ಕೊಟ್ಟೆ. ಸೋಣದ ಎರಡನೆಯ ದಿನ ಮಾಲೀಕತ್ವ ಬದಲಾವಣೆಯ ಫಾರಂ 29 ಮತ್ತು 30ಕ್ಕೆ ಸಹಿ ಹಾಕಿಸಿಕೊಂಡು ಗಾಡಿ ತಂದೆವು.

ಹಿಂದಿನ ಪಟ್ಟಿ ಸ್ಪ್ರಿಂಗುಗಳು ಖಾಲಿ ಗಾಡಿಯನ್ನು ಎತ್ತಿ ಹಾಕುತ್ತವೆ, ಭಾರ ಬಿದ್ದರೆ ಮೆತ್ತಗಾಗುತ್ತವೆ. ಮೊದಲ ಸಲ ಮಣಿಪಾಲಕ್ಕೆ ಹೋಗಿ ಬಂದ ಅಮ್ಮ ಸೊಂಟ ಹಿಡಿದುಕೊಂಡು ಇಳಿದರು. ಮುಂದಿನ ತಿಂಗಳು ಆಸ್ಪತ್ರೆಗೆ ಹೊರಡುವ ದಿನ ನೋಡಿದರೆ, ಹಿಂದಿನ ಸೀಟುಗಳ ನಡುವೆ ಎರಡು ಮೂಟೆ ಅಡಿಕೆ ಏರಿಸಿ ಕುಳಿತಿದ್ದರು. ಮಾರುವುದಕ್ಕೋ ಎಂದು ಕೇಳಿದೆ. "ಅಲ್ಲ, ಹೋಗಿ ಬರಲಿಕ್ಕೆ" ಎಂದರು.