ಸೆಕೆಂಡ್ ಶೋ ಶೋಲೆ

"ಡೈರೆಕ್ಟರ್ ಕತ್ತರಿಸಿದ್ರೆ ಪೇಪರಲ್ಲಿ ಬರುತ್ತೆ. ನಾನು ಕತ್ತರಿಸಿದ್ದಕ್ಕೆ ಒಂದು ಟೀನೂ ಸಿಗಲಿಲ್ಲ ಕಣ್ಲಾ."

2025ರ ಡಿಸೆಂಬರ್‌ನ ಒಂದು ಭಾನುವಾರ ಇಂಟರ್ವಲ್‌ನಲ್ಲಿ ಮಾವ ಹೇಳಿದ ಮಾತಿದು. ಇವತ್ತಿಗೂ ತಲೆಯಿಂದ ಹೋಗಿಲ್ಲ. ಆಫೀಸಿನ ಮೀಟಿಂಗಲ್ಲಿ ಕೂತಾಗಲೂ ನೆನಪಾಗಿ ಸುಮ್ನೆ ನಗು ಬರುತ್ತೆ.

'ಶೋಲೆ'ಯ ಹೊಸ ಪ್ರಿಂಟ್ ನೋಡೋಕೆ ಅವರನ್ನು ಕರೆದುಕೊಂಡು ಹೋಗಿದ್ದೆ. ಧರ್ಮೇಂದ್ರ ತೀರಿಕೊಂಡು ಆಗಿನ್ನೂ ತಿಂಗಳಾಗಿರಲಿಲ್ಲ. ಆತ ಪರದೆ ಮೇಲೆ ಬಂದಾಗ ಹಾಲ್‌ನಲ್ಲಿ ಬಿದ್ದ ಶಿಳ್ಳೆಯಲ್ಲಿ ಒಂಥರಾ ಸಂಕಟ ಇತ್ತು. ದಾರಿಯುದ್ದಕ್ಕೂ ನಾನು ಮಾವನ ತಲೆ ತಿಂದಿದ್ದೆ. 4ಕೆ ಅಂತೆ, ಫೈನಲ್ ಕಟ್ ಅಂತೆ, 1975ರಲ್ಲಿ ಸೆನ್ಸಾರಿನವರು ಬೇಡ ಅಂದಿದ್ದ ಕ್ಲೈಮ್ಯಾಕ್ಸ್ ವಾಪಸ್ ಬಂದಿದೆಯಂತೆ. ಅವರು ಎಲ್ಲದಕ್ಕೂ "ಹೂಂ" ಅಂದರು, ಅಷ್ಟೆ.

ಮಾವ ಚನ್ನಪಟ್ಟಣದ ಕಡೆ ಒಂದು ಟೂರಿಂಗ್ ಟಾಕೀಸಿನಲ್ಲಿ ಆಪರೇಟರ್ ಆಗಿದ್ದವರು. 'ಶೋಲೆ' ಅವರ ಟೆಂಟಿಗೆ ಬಂದಿದ್ದು ದೊಡ್ಡ ಊರುಗಳಲ್ಲೆಲ್ಲ ಓಡಿ, ಮೈತುಂಬ ಗೀರು ಹೊತ್ತ ಪ್ರಿಂಟಾದ ಮೇಲೆ. ಆದರೂ ಜನ ಮುಗಿಬಿದ್ದರಂತೆ. ಯಾಕೆ ಅಂತ ಕೇಳಬೇಕಾಗಿಲ್ಲ. ಗಬ್ಬರ್ ಕೂತಿದ್ದ ಬಂಡೆ ಪಕ್ಕದ ರಾಮನಗರದ್ದು. ಹಿಂದಿ ಒಂದಕ್ಷರ ಬಾರದವರೂ ನಮ್ಮ ಬೆಟ್ಟ ನೋಡೋಕೆ ಟಿಕೆಟ್ ತಗೊಂಡರು.

ತೊಂದರೆ ಇದ್ದದ್ದು ಸೆಕೆಂಡ್ ಶೋಗೆ. ಸಿನಿಮಾ ಮೂರು ಗಂಟೆ ದಾಟುತ್ತೆ. ಟೆಂಟಲ್ಲಿ ಒಂದೇ ಪ್ರೊಜೆಕ್ಟರ್, ರೀಲ್ ಬದಲಾಯಿಸುವಾಗಲೆಲ್ಲ ಲೈಟ್ ಹಾಕಬೇಕು. ಮುಗಿಯೋ ಹೊತ್ತಿಗೆ ಎರಡು ಗಂಟೆ ರಾತ್ರಿ. ಪ್ರೊಜೆಕ್ಟರಿನ ಬೆಳಕಿಗೆ ಉರಿಸೋ ಕಾರ್ಬನ್ ಕಡ್ಡಿ ಬೇರೆ ದುಬಾರಿ. ಮಾಲೀಕರು ಬಂದು "ಏನಾದ್ರೂ ಮಾಡಯ್ಯಾ" ಅಂದರಂತೆ. ಮಾವ ಮಾಡಿದರು. ಸೂರ್ಮಾ ಭೋಪಾಲಿಯ ಕಾಮಿಡಿಯನ್ನು ಎತ್ತಿದರು. ಅಸ್ರಾನಿಯ ಜೈಲರನ್ನು ಪೂರ್ತಿ ಎತ್ತಿದರು. ಬೈಕ್ ಹಾಡು ಮುಗಿದರೆ ನೇರ ಜೈಲಿನ ಗೇಟು, ಅಲ್ಲಿಂದ ರಾಮಗಢ.

"ಅಲ್ಲ ಮಾವ, ಅವರಿಬ್ಬರೂ ಜೈಲಿಗೆ ಹೇಗೆ ಹೋದರು ಅಂತ ಜನ ಕೇಳಲಿಲ್ವಾ?"

"ಕಳ್ಳರು ಅಂದ್ಮೇಲೆ ಜೈಲಿಗೆ ಹೋಗೇ ಹೋಗ್ತಾರೆ. ಅದನ್ನೇನ್ಲಾ ತೋರಿಸೋದು?"

ಪಾಪ್‌ಕಾರ್ನ್ ಕೈಯಲ್ಲಿ ಹಿಡಿದು ನಿಂತಿದ್ದ ನನ್ನ ಬಾಯಿ ಕಟ್ಟಿತು. ಎಡಿಟಿಂಗ್ ಬಗ್ಗೆ ಎಷ್ಟೋ ವಿಡಿಯೋ ನೋಡಿದ್ದೇನೆ. ಇಷ್ಟು ಚೊಕ್ಕವಾಗಿ ಯಾರೂ ಹೇಳಿರಲಿಲ್ಲ. ಆ ಪೇಪರ್, ಟೀ ಮಾತು ಬಂದಿದ್ದು ಇದರ ಬೆನ್ನಿಗೇ.

ನಾನು ಡೈರೆಕ್ಟರ್ಸ್ ಕಟ್ ಹುಚ್ಚಿನವನು, ಅಂದರೆ ನಿರ್ದೇಶಕ ತನಗೆ ಬೇಕಾದ ಹಾಗೆ ಎಡಿಟ್ ಮಾಡಿದ ಸಿನಿಮಾನೇ ಬೇಕು ನನಗೆ. ಹಾಲಿವುಡ್ ನಿರ್ದೇಶಕ ರಿಡ್ಲಿ ಸ್ಕಾಟ್ ನನಗೆ ದೇವರು. ಆತನ 'ಬ್ಲೇಡ್ ರನ್ನರ್' ಕಥೆ ಗೊತ್ತಲ್ವಾ? 1982ರಲ್ಲಿ ಪ್ರೀವ್ಯೂ ನೋಡಿದವರಿಗೆ ಅರ್ಥ ಆಗಲಿಲ್ಲ ಅಂತ ಸ್ಟುಡಿಯೋದವರು ಹೀರೋ ಹ್ಯಾರಿಸನ್ ಫೋರ್ಡ್ ಕೈಲಿ ಹಿನ್ನೆಲೆ ಮಾತು ಹೇಳಿಸಿದರು. ಕೊನೆಗೆ ಒಂದು ಸುಖಾಂತ್ಯ ಅಂಟಿಸಿದರು. ಅದರಲ್ಲಿ ಬರುವ ಬೆಟ್ಟಗುಡ್ಡದ ಶಾಟುಗಳು ಸ್ಟ್ಯಾನ್ಲಿ ಕುಬ್ರಿಕ್‌ನ 'ದಿ ಶೈನಿಂಗ್'ಗೆ ತೆಗೆದು ಉಳಿದಿದ್ದವು! ಇದನ್ನೆಲ್ಲ ಕಿತ್ತುಹಾಕಿದ ಪ್ರಿಂಟ್ 1992ರಲ್ಲಿ ಬಂತು. ಸ್ಕಾಟ್‌ಗೆ ಪೂರ್ತಿ ತೃಪ್ತಿ ಕೊಟ್ಟ ಫೈನಲ್ ಕಟ್ ಬರೋಕೆ 2007 ಆಗಬೇಕಾಯಿತು. ನಾನು ನೋಡೋದು ಅದನ್ನೇ.

ಆದರೆ ಡೈರೆಕ್ಟರ್ ಮುಟ್ಟಿದ್ದೆಲ್ಲ ಚಿನ್ನ ಅನ್ನುವವರ ಜೊತೆ ನಾನಿಲ್ಲ. ಕೊಪೊಲಾ ನೋಡಿ. ಅವರ 'ಅಪೊಕ್ಯಾಲಿಪ್ಸ್ ನೌ' 1979ರಲ್ಲೇ ಸರಿಯಾಗಿತ್ತು. 2001ರಲ್ಲಿ 'ರೀಡಕ್ಸ್' ಅಂತ ಮತ್ತೆ 49 ನಿಮಿಷ ತುಂಬಿದರು. ಆ ಫ್ರೆಂಚ್ ತೋಟದ ಮನೆಯ ಊಟದಲ್ಲಿ ಸಿನಿಮಾ ನಿದ್ದೆ ಹೋಗುತ್ತೆ. 2019ರಲ್ಲಿ ಅವರೇ ಒಂದಷ್ಟು ಕತ್ತರಿಸಿ ಇನ್ನೊಂದು ಫೈನಲ್ ಕಟ್ ಬಿಟ್ಟರು. ತೋಟದ ಮನೆ ಅದರಲ್ಲೂ ಉಳಿದಿದೆ. ದೊಡ್ಡ ಮನುಷ್ಯ, ಒಪ್ತೀನಿ. ಆದರೆ ಕೈ ಸುಮ್ಮನಿರಲ್ಲ.

ಮಾವನಿಗೆ ನಾನು ಹೇಳಿದ್ದು ಕುಬ್ರಿಕ್ ಕಥೆ. 1980ರಲ್ಲಿ ಅಮೆರಿಕದಲ್ಲಿ 'ದಿ ಶೈನಿಂಗ್' ರಿಲೀಸ್ ಆದ ಮೇಲೆ ಆತನಿಗೆ ಕೊನೆಯ ಹತ್ತಿರದ ಒಂದು ಆಸ್ಪತ್ರೆ ಸೀನು ಬೇಡ ಅನಿಸಿತು. ಪ್ರಿಂಟುಗಳು ಆಗಲೇ ಥಿಯೇಟರಲ್ಲಿ ಓಡುತ್ತಿದ್ದವು. ಆಪರೇಟರ್‌ಗಳಿಗೇ ಸೂಚನೆ ಹೋಯಿತು, ಆ ತುಂಡು ಕತ್ತರಿಸಿ ಸ್ಟುಡಿಯೋಗೆ ವಾಪಸ್ ಕಳಿಸಿ ಅಂತ.

ಮಾವನ ಮುಖ ನೋಡಬೇಕಿತ್ತು. "ನೋಡ್ದಾ? ಕೊನೆಗೆ ಕತ್ತರಿ ಹಿಡ್ಯೋನು ಆಪರೇಟರೇ." ಹೇಳಿ ಕೈಯಲ್ಲೇ ತೋರಿಸಿದರು. ಬ್ಲೇಡಿನಿಂದ ಫಿಲಮಿನ ಮೇಲಿನ ಪದರ ಕೆರೆಯೋದು. ಅಂಟು ಹಚ್ಚೋದು. ಹಲ್ಲಿನ ತೂತಿಗೆ ತೂತು ಕೂರಿಸಿ ಉಸಿರು ಬಿಗಿಹಿಡಿದು ಒತ್ತೋದು. ಆ ಬೆರಳುಗಳಿಗೆ ಎಲ್ಲ ನೆನಪಿತ್ತು. ತೂತು ಒಂಚೂರು ತಪ್ಪಿದರೂ ಗೇಟಲ್ಲಿ ಸಿಕ್ಕಿಕೊಂಡು ಹರಿಯುತ್ತಂತೆ.

"ಕತ್ತರಿಸಿದ ತುಂಡು ಏನ್ಮಾಡ್ತಿದ್ರಿ?"

"ಏನ್ಮಾಡೋದು? ಡಬ್ಬದಲ್ಲಿಟ್ಟು ಚೀಟಿ ಅಂಟಿಸ್ತಿದ್ದೆ. ಪೆಟ್ಟಿಗೆ ವಾಪಸ್ ಹೋಗೋವಾಗ ಎಲ್ಲಾ ಸೇರಿಸಿ ಕಳಿಸ್ತಿದ್ದೆ. ಬೇರೆಯೋರ ಸಾಮಾನು ಕಣ್ಲಾ ಅದು."

ಬೇರೆಯವರ ಸಾಮಾನು. ಈ ಮಾತು ಸ್ಟುಡಿಯೋದವರಿಗೆ ಹೊಳೆದಿದ್ದರೆ ನಿರ್ದೇಶಕ ಆರ್ಸನ್ ವೆಲ್ಸ್ ಗತಿ ಹಾಗಾಗುತ್ತಿರಲಿಲ್ಲ. 1942ರಲ್ಲಿ ಆತ ಬ್ರೆಜಿಲ್‌ನಲ್ಲಿದ್ದಾಗ 'ದಿ ಮ್ಯಾಗ್ನಿಫಿಸೆಂಟ್ ಆಂಬರ್ಸನ್ಸ್'ನಿಂದ ನಲವತ್ತು ನಿಮಿಷಕ್ಕಿಂತ ಜಾಸ್ತಿ ತೆಗೆದರು. ಕೊನೆಯನ್ನು ಬೇರೆಯವರ ಕೈಲಿ ಶೂಟ್ ಮಾಡಿಸಿದರು. ತೆಗೆದಿದ್ದನ್ನು ನಾಶ ಮಾಡಿದರು. ಇವತ್ತು ಯಾವ 4ಕೆ ಬಂದರೂ ಅದು ಬರಲ್ಲ. ಕತ್ತರಿಸಿದವರನ್ನು ನಾನು ಕ್ಷಮಿಸಬಲ್ಲೆ. ಎಸೆದವರನ್ನು ಆಗಲ್ಲ. ಅವರಿಗೂ ಹಣದ ಚಿಂತೆ ಇತ್ತು, ನಮ್ಮ ಟೆಂಟ್ ಮಾಲೀಕರಿಗೂ ಇತ್ತು. ಮಾವ ಮಾತ್ರ ಡಬ್ಬಕ್ಕೆ ಚೀಟಿ ಅಂಟಿಸಿದರು.

ಎಮರ್ಜೆನ್ಸಿ ಕಾಲದ 'ಶೋಲೆ' ಈ ವಿಷಯದಲ್ಲಿ ಪುಣ್ಯ ಮಾಡಿತ್ತು. ಪೊಲೀಸ್ ಅಧಿಕಾರಿಯಾಗಿದ್ದವನೇ ಕಾನೂನು ಕೈಗೆ ತಗೋಬಾರದು ಅಂತ ಸೆನ್ಸಾರ್ ಹಟ ಹಿಡಿದಿದ್ದಕ್ಕೆ ರಮೇಶ್ ಸಿಪ್ಪಿ ಕೊನೆಯನ್ನು ಮತ್ತೆ ಶೂಟ್ ಮಾಡಿದರು. ಪೊಲೀಸರು ಓಡಿಬಂದು ಠಾಕೂರನನ್ನು ತಡೆಯೋದು ನಾವೆಲ್ಲ ನೋಡಿದ್ದು. ಆದರೆ ಮೊದಲಿನ ಕೊನೆಯನ್ನು ಯಾರೂ ಸುಡಲಿಲ್ಲ. ಎಲ್ಲೋ ಒಂದು ಗೋದಾಮಿನಲ್ಲಿ ಉಳಿದುಕೊಂಡಿತು. ಹಳೇ ಸಿನಿಮಾ ಉಳಿಸೋ ಫಿಲ್ಮ್ ಹೆರಿಟೇಜ್ ಫೌಂಡೇಶನ್‌ನವರು ಕೂತು ರಿಪೇರಿ ಮಾಡಿದರು. 2025ರ ಜೂನ್‌ನಲ್ಲಿ ಇಟಲಿಯ ಬೊಲೊನ್ಯಾದ ಬಯಲಲ್ಲಿ ಮೊದಲು ತೋರಿಸಿದರು.

ಅದರಲ್ಲಿ ಠಾಕೂರ್ ಗಬ್ಬರನನ್ನು ಕೊಂದೇಬಿಡುತ್ತಾನೆ. ಆಮೇಲೆ ಅಳುತ್ತಾನೆ. ನನ್ನನ್ನು ಅಲುಗಾಡಿಸಿದ್ದು ಕೊಲೆಯಲ್ಲ, ಆ ಅಳು. ಕೈಯಿಲ್ಲದವನಿಗೆ ಕಣ್ಣೊರೆಸಿಕೊಳ್ಳೋಕೂ ಆಗಲ್ಲ. ಸೇಡು ತೀರಿತು, ಆದರೆ ಮನೆಯವರು ಯಾರೂ ವಾಪಸ್ ಬರಲಿಲ್ಲ ಅಂತ ಸಂಜೀವ್ ಕುಮಾರ್ ಮುಖದಲ್ಲೇ ಗೊತ್ತಾಗುತ್ತೆ. ಈ ಮುಖವನ್ನು ಐವತ್ತು ವರ್ಷ ನಮ್ಮ ಥಿಯೇಟರುಗಳಿಂದ ಬಚ್ಚಿಟ್ಟಿದ್ದರಲ್ಲ! ಮುಂದಿನ ಸಾಲಿನ ಹುಡುಗನೊಬ್ಬ ಅದೇ ಹೊತ್ತಿಗೆ ಫೋನ್ ಎತ್ತಿ ರೆಕಾರ್ಡ್ ಮಾಡುತ್ತಿದ್ದ. ಅಂಥವರಿಗೆ ಟಿಕೆಟ್ಟೇ ಕೊಡಬಾರದು.

ಅದೇ ವರ್ಷ ಆಗಸ್ಟ್‌ನಲ್ಲಿ 'ರಾಂಝಣಾ' ಅನ್ನೋ ಹಿಂದಿ ಸಿನಿಮಾದ ತಮಿಳು ಅವತರಣಿಕೆಗೆ ಎಐನಿಂದ ಹೊಸ ಕ್ಲೈಮ್ಯಾಕ್ಸ್ ಮಾಡಿ ರಿಲೀಸ್ ಮಾಡಿದ್ದರು. ಸಾಯಬೇಕಾದ ಧನುಷ್ ಎದ್ದು ಕೂರುತ್ತಾನೆ. ನಿರ್ದೇಶಕ ಆನಂದ್ ಎಲ್. ರೈ ಬೇಡ ಅಂದರು, ಧನುಷ್ ಕೂಡ ವಿರೋಧಿಸಿದರು. ಯಾರು ಕೇಳಿದರು? ಒಂದು ಅಂತ್ಯವನ್ನು ಗೋದಾಮಿನಿಂದ ಹುಡುಕಿ ತರೋದಕ್ಕೂ, ಯಾರೂ ಶೂಟ್ ಮಾಡದೇ ಇದ್ದದ್ದನ್ನು ಹುಟ್ಟಿಸೋದಕ್ಕೂ ವ್ಯತ್ಯಾಸ ಇಲ್ವಾ?

ನಮ್ಮ ಕಡೆ ಬಂದರೆ ಇನ್ನೂ ಹೊಟ್ಟೆ ಉರಿಯುತ್ತೆ. ಕನ್ನಡದ ಮೊದಲ ಟಾಕಿ, 1934ರ 'ಸತಿ ಸುಲೋಚನ'ದ ಒಂದು ಪ್ರಿಂಟೂ ಇಲ್ಲ. ಅದಕ್ಕೆ ಡೈರೆಕ್ಟರ್ಸ್ ಕಟ್ ಕೇಳೋದಿರಲಿ, ಅರ್ಧ ರೀಲ್ ಸಿಕ್ಕರೂ ಕುಣಿದಾಡಬೇಕು.

ಮೆಟ್ರೋದಲ್ಲಿ ವಾಪಸ್ ಬರುವಾಗ ಮಾವನನ್ನು ಕೇಳಿದೆ, ಯಾವ ಕೊನೆ ಇಷ್ಟವಾಯಿತು ಅಂತ. ಹೊಸದೇ ಅಂದರು, ಯೋಚನೆ ಮಾಡದೆ. ಆಮೇಲೆ ಎರಡು ಸ್ಟೇಷನ್ ಸುಮ್ಮನಿದ್ದು, "ಆದ್ರೂ ಒಂದು ಕಾಲು ಗಂಟೆ ತೆಗೀಬೌದಿತ್ತು" ಅಂದರು. ಎಲ್ಲಿ ಅಂತ ಕೇಳಿದರೆ ವೀರು ಕುಡಿದು ನೀರಿನ ಟ್ಯಾಂಕ್ ಹತ್ತೋ ಸೀನು! ಅದಕ್ಕೆ ಮಾತ್ರ ನಾನು ಬಿಡಲಿಲ್ಲ. ಧರ್ಮೇಂದ್ರ ತೀರಿಕೊಂಡು ತಿಂಗಳೂ ಆಗಿಲ್ಲ, ಆ ಸೀನಿಗೆ ಕತ್ತರಿ ಹಿಡೀತೀರಾ ಅಂತ ಜಗಳಕ್ಕೇ ಬಿದ್ದೆ. "ಫಸ್ಟ್ ಶೋಗೆ ಇರ್ಲಿ ಬಿಡು" ಅಂದರು.